ವೈಫೈ ಬೇರೆ, ಇಂಟರ್ನೆಟ್ ಬೇರೆ: ಮನೆಯವರಿಗೆ ತಿಳಿದಿರಬೇಕಾದ ಕೆಲವು ಪದಗಳು

ಮಳೆಗಾಲ ಹಿಡಿಯಿತೆಂದರೆ ಸಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ‘ವೈಫೈ ಹೋಗಿದೆ’ ಎಂಬುದು. ಹೆಚ್ಚಿನ ಸಲ ವೈಫೈ ಎಲ್ಲಿಗೂ ಹೋಗಿರುವುದಿಲ್ಲ. ಜಗಲಿಯ ಗೋಡೆಯ ಮೇಲಿನ ರೌಟರ್ ತನ್ನ ಪಾಡಿಗೆ ರೇಡಿಯೊ ಅಲೆಗಳನ್ನು ಹೊರಡಿಸುತ್ತಲೇ ಇರುತ್ತದೆ, ಮೊಬೈಲಿನಲ್ಲಿ ಸಿಗ್ನಲ್ಲಿನ ಗೆರೆಗಳು ತುಂಬಿಯೇ ಇರುತ್ತವೆ. ಕಡಿದಿರುವುದು ಕಂಬದಿಂದ ಕಂಬಕ್ಕೆ ಎಳೆದು ತಂದ ಫೈಬರ್ ಕೇಬಲ್, ಅದೂ ದಾರಿಯಲ್ಲೆಲ್ಲೋ ಮತ್ತಿ ಮರದ ಕೊಂಬೆಯೊಂದು ಮುರಿದು ಬಿದ್ದು. ವೈಫೈ ಎಂದರೆ ಫೋನಿನಿಂದ ರೌಟರ್‌ವರೆಗಿನ ಕೆಲವೇ ಮೀಟರುಗಳ ದಾರಿ. ರೌಟರಿನಿಂದಾಚೆಗೆ ಕಂಪನಿಯ ಕಚೇರಿಗೂ ಅಲ್ಲಿಂದ ಜಗತ್ತಿಗೂ ಹೋಗುವುದು ಇನ್ನೊಂದು ದಾರಿ. ಈ ಎರಡನ್ನು ಬೇರೆ ಬೇರೆಯಾಗಿ ನೋಡುವುದು ರೂಢಿಯಾದರೆ, ರೌಟರ್ ಪೆಟ್ಟಿಗೆಯ ಮೇಲೆ ಮತ್ತು ಅದರ ಸೆಟ್ಟಿಂಗ್ ಪುಟದಲ್ಲಿ ಕಾಣುವ ಪದಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಹೋಗಿ ಕೂರುತ್ತವೆ.

ಇದನ್ನು ಬರೆಯಬೇಕೆನಿಸಿದ್ದಕ್ಕೆ ಕಾರಣವಿದೆ. 2020ರಲ್ಲಿ ಊರಿಗೆ ಬಂದ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ ದಿನಗಳ ನಂತರ ನಮ್ಮ ಕಡೆಯ ಅನೇಕ ಮನೆಗಳಿಗೆ ಫೈಬರ್ ಸಂಪರ್ಕ ಬಂತು. ಮಕ್ಕಳು ಬೆಂಗಳೂರಿಗೆ ಹಿಂದಿರುಗಿದರು, ರೌಟರ್ ಮನೆಯಲ್ಲಿ ಉಳಿಯಿತು. ಅದನ್ನು ಕೂರಿಸಿದವರು ಇಟ್ಟ ಹೆಸರು, ಅವರು ಕೊಟ್ಟ ಪಾಸ್‌ವರ್ಡ್, ಅವರು ಬಿಟ್ಟ ಸೆಟ್ಟಿಂಗ್ ಇಂದಿಗೂ ಹಾಗೆಯೇ ಇವೆ. ಅದೇ ರೌಟರಿನ ಮೂಲಕ ಸೊಸೈಟಿಯ ವ್ಯವಹಾರ, ಬ್ಯಾಂಕಿನ ವ್ಯವಹಾರ, ವೈದ್ಯರೊಂದಿಗಿನ ವಿಡಿಯೊ ಮಾತುಕತೆ ಎಲ್ಲವೂ ನಡೆಯುತ್ತಿದೆ. ಮನೆಯಲ್ಲಿರುವ ಹಿರಿಯರಿಗೆ ಇದು ಅರ್ಥವಾಗದ ವಿಷಯವೆಂದು ನಾವೇ ತೀರ್ಮಾನಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಸರಿಪಡಿಸಬಲ್ಲವರಿಗೆ ರೌಟರ್ ಖಂಡಿತ ಅರ್ಥವಾಗುತ್ತದೆ.

ಮೊದಲು ಹೊರಗಿನ ದಾರಿ. ಫೈಬರ್ ಬಂದು ಸೇರುವ ಪೆಟ್ಟಿಗೆಯನ್ನು ಓಎನ್‌ಟಿ ಎನ್ನುತ್ತಾರೆ. ಈಗ ಬಹುತೇಕ ಮನೆಗಳಲ್ಲಿ ಓಎನ್‌ಟಿ ಮತ್ತು ರೌಟರ್ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಅದರ ಮೇಲಿನ ಪಾನ್ ಎಂಬ ದೀಪ ಅಲುಗಾಡದೆ ಉರಿಯುತ್ತಿದ್ದರೆ ಕಂಪನಿಯ ಕಡೆಯ ಯಂತ್ರದೊಂದಿಗೆ ಸಂಪರ್ಕವಿದೆ ಎಂದರ್ಥ. ಎಲ್‌ಓಎಸ್ ಎಂಬ ದೀಪ ಕೆಂಪಾಗಿ ಮಿನುಗಿದರೆ ಗಾಜಿನ ಎಳೆಯೊಳಗೆ ಬರಬೇಕಾದ ಬೆಳಕು ಬರುತ್ತಿಲ್ಲ. ಆಗ ರೌಟರನ್ನು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ, ಪಾಸ್‌ವರ್ಡ್ ಬದಲಿಸಿದರೂ ಫಲವಿಲ್ಲ. ಕೇಬಲ್ ಜೋಡಿಸುವವರು ಬರಲೇಬೇಕು. ದೂರು ಕೊಡುವಾಗ ‘ನೆಟ್ ಇಲ್ಲ’ ಎನ್ನುವ ಬದಲು ‘ಎಲ್‌ಓಎಸ್ ಕೆಂಪಾಗಿದೆ’ ಎಂದು ಹೇಳಿದರೆ ಅರ್ಧ ಗಂಟೆಯ ಪ್ರಶ್ನೋತ್ತರ ಉಳಿಯುತ್ತದೆ. ದೀಪಗಳೆಲ್ಲ ಸರಿಯಿದ್ದು, ಅಟ್ಟದ ಮೇಲಿನ ಕೋಣೆಯಲ್ಲಿ ಮಾತ್ರ ವಿಡಿಯೊ ತಡವರಿಸುತ್ತಿದ್ದರೆ ದೋಷ ಹೊರಗಿನದಲ್ಲ, ಮನೆಯೊಳಗಿನ ವೈಫೈಯದು. ಅನುಮಾನವಿದ್ದರೆ ಫೋನ್ ಹಿಡಿದು ರೌಟರಿನ ಪಕ್ಕದಲ್ಲಿ ನಿಂತು ನೋಡಬಹುದು, ಇಲ್ಲವೇ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಎಂಬ ತಾಮ್ರದ ತಂತಿಯಿಂದ ರೌಟರಿಗೆ ನೇರವಾಗಿ ಜೋಡಿಸಿ ನೋಡಬಹುದು.

ಫೈಬರ್ ಎಳೆ ಗಾಜಿನದು. ಅದು ವಿದ್ಯುತ್ತನ್ನು ಒಯ್ಯುವುದಿಲ್ಲ. ತಾಮ್ರದ ಟೆಲಿಫೋನ್ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲದಲ್ಲಿ ಮುಂಗಾರಿನ ಮೊದಲ ಗುಡುಗಿಗೇ ಮೋಡೆಮ್ ಸುಟ್ಟುಹೋಗುತ್ತಿದ್ದುದು ನಮ್ಮ ಕಡೆಯವರಿಗೆ ನೆನಪಿರಬಹುದು. ಆ ಅಪಾಯ ಈಗ ಕಡಿಮೆಯಾಗಿದೆ, ಆದರೆ ಪೂರ್ತಿ ಹೋಗಿಲ್ಲ. ಮಿಂಚಿನ ಹೊಡೆತ ಕರೆಂಟಿನ ದಾರಿಯಿಂದ ಅಡಾಪ್ಟರಿಗೆ ಬರಬಹುದು. ಹೊರಗೆ ಎಳೆಯುವ ಕೇಬಲಿನಲ್ಲಿ ಬಿಗಿತಕ್ಕಾಗಿ ಉಕ್ಕಿನ ತಂತಿ ಸೇರಿಸಿರುವುದೂ ಉಂಟು. ಆದ್ದರಿಂದ ಗುಡುಗು ಹತ್ತಿರ ಬರುವ ಮೊದಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡುವುದು ಈಗಲೂ ಒಳ್ಳೆಯ ಅಭ್ಯಾಸ. ಅಂಗಳದಲ್ಲಿ ಕಡಿದು ಬಿದ್ದ ಫೈಬರಿನ ತುದಿಯನ್ನು ಮಕ್ಕಳು ಮುಟ್ಟದಂತೆಯೂ ಕಣ್ಣಿನ ಹತ್ತಿರ ಹಿಡಿದು ನೋಡದಂತೆಯೂ ಎಚ್ಚರ ವಹಿಸಬೇಕು. ಅದರೊಳಗಿನ ಬೆಳಕು ಕಣ್ಣಿಗೆ ಕಾಣದ ಅವಗೆಂಪು ಬೆಳಕು, ಮುರಿದ ಗಾಜಿನ ಚೂರು ಚರ್ಮದೊಳಗೆ ಹೊಕ್ಕರೆ ಹುಡುಕಿ ತೆಗೆಯುವುದು ಕಷ್ಟ.

ಇನ್ನು ಒಳಗಿನ ದಾರಿಗೆ ಬರೋಣ. ಮನೆಯ ರೌಟರುಗಳು ಸಾಮಾನ್ಯವಾಗಿ ಎರಡು ಬ್ಯಾಂಡುಗಳಲ್ಲಿ, ಅಂದರೆ ರೇಡಿಯೊ ಅಲೆಗಳ ಎರಡು ಕಂಪನಾಂಕದ ಪಟ್ಟಿಗಳಲ್ಲಿ, ಕೆಲಸ ಮಾಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಎರಡನೆಯದರದ್ದು ಸುಮಾರು 6 ಸೆಂಟಿಮೀಟರ್. 2.4ರ ಅಲೆ ಗೋಡೆಯನ್ನು ದಾಟಿಕೊಂಡು ತುಸು ದೂರ ಹೋಗುತ್ತದೆ, ಆದರೆ ನಿಧಾನ. 5ರದ್ದು ವೇಗವಾಗಿದ್ದರೂ ಗೋಡೆಗೆ ಬೇಗ ಸೋಲುತ್ತದೆ. ಈ ವ್ಯತ್ಯಾಸ ನಗರದ ತೆಳು ಗೋಡೆಯ ಮನೆಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಕುಮಟಾ, ಹೊನ್ನಾವರ, ಅಂಕೋಲಾದ ಮನೆಗಳ ಚಿರೇಕಲ್ಲಿನ ಗೋಡೆ, ಘಟ್ಟದ ಮೇಲಿನ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ ಎರಡೂ ಈ ಅಲೆಗಳನ್ನು ಚೆನ್ನಾಗಿಯೇ ಹೀರುತ್ತವೆ, ಮಳೆಗಾಲದಲ್ಲಿ ನೀರು ಕುಡಿದು ನಿಂತಾಗ ಇನ್ನೂ ಹೆಚ್ಚು. ಲೋಹವಂತೂ ಅಲೆಯನ್ನು ದಾಟಗೊಡುವುದೇ ಇಲ್ಲ. ಕಬ್ಬಿಣದ ಕಪಾಟಿನ ಹಿಂದೆ, ಟಿವಿಯ ಬೆನ್ನಿಗೆ, ಅಡಿಕೆ ಒಣಗಿಸಲು ಹಾಕಿದ ತಗಡಿನ ಮಾಡಿನ ಪಕ್ಕಕ್ಕೆ ರೌಟರನ್ನು ಇಟ್ಟರೆ ಆ ದಿಕ್ಕಿನಲ್ಲಿ ವೈಫೈ ಇಲ್ಲವೆಂದೇ ತಿಳಿಯಬೇಕು. ಕೇಬಲ್ ಒಳಬಂದ ಮೂಲೆಯಲ್ಲೇ ರೌಟರ್ ಇರಬೇಕೆಂಬ ನಿಯಮವೇನೂ ಇಲ್ಲ. ನಡುಮನೆಯಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ಸುತ್ತ ಬಯಲಾಗಿರುವ ಜಾಗದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೂರಿಸಲು ಬಂದವರಿಗೆ ಇನ್ನೂ ಹತ್ತು ಮೀಟರ್ ಕೇಬಲ್ ಎಳೆಯಿರಿ ಎಂದು ಆಗಲೇ ಹೇಳುವುದು ಒಳ್ಳೆಯದು.

ಸಿಗ್ನಲ್ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಂಖ್ಯೆ ಯಾವಾಗಲೂ ಸೊನ್ನೆಗಿಂತ ಕೆಳಗೆ ಇರುತ್ತದೆ: ರೌಟರಿನ ಪಕ್ಕದಲ್ಲಿ ಮೈನಸ್ 30ರ ಆಸುಪಾಸು, ವಿಡಿಯೊ ಕರೆಗೆ ಮೈನಸ್ 67ರ ಸುತ್ತಮುತ್ತ ಸಾಕು, ಮೈನಸ್ 80 ದಾಟಿದರೆ ಸಂಪರ್ಕ ಕಷ್ಟ. ಪ್ರತಿ 3ರ ಇಳಿಕೆಗೆ ಬಲ ಅರ್ಧವಾಗುತ್ತದೆ, 10ರ ಇಳಿಕೆಗೆ ಹತ್ತರಲ್ಲಿ ಒಂದು ಪಾಲಾಗುತ್ತದೆ. ಫೋನಿಗೆ ಉಚಿತವಾಗಿ ಸಿಗುವ ವೈಫೈ ಅನಲೈಸರ್ ತಂತ್ರಾಂಶ ತೆರೆದುಕೊಂಡು ಜಗಲಿಯಿಂದ ಅಡುಗೆಮನೆಗೆ, ಅಲ್ಲಿಂದ ಕೊಟ್ಟಿಗೆಗೆ ನಡೆದರೆ ಯಾವ ಗೋಡೆ ಎಷ್ಟು ನುಂಗುತ್ತಿದೆ ಎಂಬುದು ಅಂಕಿಯಲ್ಲೇ ಕಾಣಿಸುತ್ತದೆ. ಎಲ್ಲಿಗೂ ತಲುಪದಿದ್ದರೆ ಸಿಗ್ನಲನ್ನು ಹಿಡಿದು ಮತ್ತೆ ಹರಡುವ ರಿಪೀಟರ್ ಕೊಳ್ಳುವುದು ಸಾಮಾನ್ಯ ಸಲಹೆ. ಆದರೆ ಒಂದೇ ರೇಡಿಯೊ ಇರುವ ಅಗ್ಗದ ರಿಪೀಟರ್ ಅದೇ ಗಾಳಿಯಲ್ಲಿ ಕೇಳಿಸಿಕೊಂಡು ಅದೇ ಗಾಳಿಯಲ್ಲಿ ಮತ್ತೆ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಲ್ಯಾನ್ ಕೇಬಲ್ ಎಳೆದು ಆ ತುದಿಗೆ ಎರಡನೆಯ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹರಡುವ ಪೆಟ್ಟಿಗೆ, ಇಡುವುದೇ ನನ್ನ ಆಯ್ಕೆ. ಕೇಬಲ್ 100 ಮೀಟರ್‌ವರೆಗೆ ಹೋಗಬಹುದು. ಬೇರೆ ಕಟ್ಟಡಕ್ಕೆ ಬಯಲಿನಲ್ಲಿ ಎಳೆಯುವುದಾದರೆ ಮಾತ್ರ ಮಿಂಚಿನ ಕಾರಣಕ್ಕೆ ತಾಮ್ರದ ಬದಲು ಫೈಬರನ್ನೇ ಎಳೆಸುವುದು ಕ್ಷೇಮ.

ಒಂದು ಬ್ಯಾಂಡಿನೊಳಗಿನ ಸಣ್ಣ ಪಾಲಿಗೆ ಚಾನೆಲ್ ಎನ್ನುತ್ತಾರೆ. ಈ ಪದ ಹಳ್ಳಿಯ ಒಂಟಿ ಮನೆಗಳಿಗೆ ಅಷ್ಟು ಮುಖ್ಯವಲ್ಲ, ಕಾರವಾರದ ಅಪಾರ್ಟ್‌ಮೆಂಟುಗಳಿಗೂ ಸಿರಸಿ ಪೇಟೆಯ ಒತ್ತೊತ್ತು ಮನೆಗಳಿಗೂ ಮುಖ್ಯ. 2.4ರ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದು ಸಾಮಾನ್ಯವಾಗಿ ಬಳಸುವವು 1, 6 ಮತ್ತು 11, ಮೂರೇ. ಅಕ್ಕಪಕ್ಕದವರೆಲ್ಲ 6ರಲ್ಲಿದ್ದರೆ ನಾವು 1ಕ್ಕೋ 11ಕ್ಕೋ ಹೋಗಬೇಕು. ಇನ್ನು ಪೆಟ್ಟಿಗೆಯ ಮೇಲಿನ ವೈಫೈ 4, 5, 6 ಎಂಬವು ಪೀಳಿಗೆಗಳ ಹೆಸರು. 2009, 2013 ಮತ್ತು 2021ರಲ್ಲಿ ಅಂಗೀಕಾರವಾದ ಮಾನದಂಡಗಳನ್ನು ಅವು ಸೂಚಿಸುತ್ತವೆ. ಹೊಸದು ಕೊಳ್ಳುವವರು ವೈಫೈ 6 ಕೊಂಡರೆ ಸಾಕು.

ಇನ್ನು ಸುರಕ್ಷತೆ. ಎಸ್‌ಎಸ್‌ಐಡಿ ಎಂದರೆ ಫೋನಿನ ಪಟ್ಟಿಯಲ್ಲಿ ಕಾಣುವ ವೈಫೈಯ ಹೆಸರು. ಅದಕ್ಕೆ ಸಿಗುವ ಜಾಗ 32 ಬೈಟ್, ಕನ್ನಡದ ಪ್ರತಿಯೊಂದು ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು. ಆದ್ದರಿಂದ ‘ನಮ್ಮ ಮನೆ’ ಎಂಬಷ್ಟು ಚಿಕ್ಕ ಹೆಸರು ಆರಾಮವಾಗಿ ಹಿಡಿಸುತ್ತದೆ. ಮನೆತನದ ಹೆಸರನ್ನೂ ಫೋನ್ ನಂಬರನ್ನೂ ಅಲ್ಲಿ ಹಾಕದಿರುವುದು ಒಳ್ಳೆಯದು. ಈ ಹೆಸರನ್ನು ಅಡಗಿಸಿಟ್ಟರೆ ಸುರಕ್ಷಿತ ಎಂಬ ನಂಬಿಕೆ ಹಲವರಲ್ಲಿದೆ. ಅಡಗಿಸಿದ ಹೆಸರನ್ನು ನಮ್ಮ ಫೋನುಗಳೇ ಹೋದಲ್ಲೆಲ್ಲ ಕೂಗಿ ಹುಡುಕುತ್ತಿರುತ್ತವೆ, ಕೇಳಿಸಿಕೊಳ್ಳುವ ಸಾಧನವಿದ್ದವರಿಗೆ ಅದು ಸುಲಭವಾಗಿ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದರಿಂದ ಉಪಕಾರಕ್ಕಿಂತ ತೊಂದರೆಯೇ ಹೆಚ್ಚು.

ನಿಜವಾದ ರಕ್ಷಣೆ ಇರುವುದು ಎನ್‌ಕ್ರಿಪ್ಶನ್‌ನಲ್ಲಿ, ಅಂದರೆ ಗಾಳಿಯಲ್ಲಿ ಹೋಗುವ ಮಾಹಿತಿಯನ್ನು ಬೇರೆಯವರಿಗೆ ಅರ್ಥವಾಗದಂತೆ ಗೂಢಗೊಳಿಸುವುದರಲ್ಲಿ. ಸೆಟ್ಟಿಂಗ್ ಪುಟದಲ್ಲಿ ಕಾಣುವ ನಾಲ್ಕು ಹೆಸರುಗಳ ಹಿಂದೆ ಒಂದು ಚರಿತ್ರೆಯೇ ಇದೆ. 1997ರ ಮೂಲ ಮಾನದಂಡದೊಂದಿಗೆ ಬಂದದ್ದು ಡಬ್ಲ್ಯೂಇಪಿ. 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ಎಂಬ ಮೂವರು ಗೂಢಲಿಪಿ ತಜ್ಞರು ಅದರ ಮೂಲದಲ್ಲಿದ್ದ ದೌರ್ಬಲ್ಯವನ್ನು ತೋರಿಸಿಕೊಟ್ಟರು. ಹರಿದಾಡುವ ಮಾಹಿತಿಯನ್ನು ಸಾಕಷ್ಟು ಸಂಗ್ರಹಿಸಿದರೆ ಕೀಲಿಯನ್ನೇ ಲೆಕ್ಕ ಹಾಕಿ ತೆಗೆಯಬಹುದು ಎಂದಾಯಿತು. ಅಲ್ಲಿ ಎಷ್ಟು ಗಟ್ಟಿಯಾದ ಪಾಸ್‌ವರ್ಡ್ ಇಟ್ಟರೂ ಉಪಯೋಗವಿಲ್ಲ. ಹಳೆಯ ಯಂತ್ರಗಳಲ್ಲೇ ನಡೆಯಬಲ್ಲ ತಾತ್ಕಾಲಿಕ ಪರಿಹಾರವಾಗಿ 2003ರಲ್ಲಿ ಡಬ್ಲ್ಯೂಪಿಎ ಬಂತು, ಅದರ ವಿಧಾನದ ಹೆಸರು ಟಿಕೆಐಪಿ. 2004ರಲ್ಲಿ ಎಇಎಸ್ ಎಂಬ ಗಟ್ಟಿ ವಿಧಾನವನ್ನು ಆಧರಿಸಿದ ಡಬ್ಲ್ಯೂಪಿಎ 2 ಬಂತು, 2018ರಲ್ಲಿ ಡಬ್ಲ್ಯೂಪಿಎ 3. ಇಂದು ಮನೆಯಲ್ಲಿ ಇರಬೇಕಾದದ್ದು ಕೊನೆಯ ಎರಡರಲ್ಲಿ ಒಂದು. ಹಳೆಯ ಫೋನುಗಳಿದ್ದರೆ ಡಬ್ಲ್ಯೂಪಿಎ 2 ಮತ್ತು 3ರ ಮಿಶ್ರ ಆಯ್ಕೆ ಸಿಗುತ್ತದೆ. ಡಬ್ಲ್ಯೂಇಪಿ, ಟಿಕೆಐಪಿ ಎಂಬ ಹೆಸರುಗಳು ಕಂಡರೆ ಬದಲಿಸಿಬಿಡಬೇಕು.

ಡಬ್ಲ್ಯೂಪಿಎ 2 ಗಟ್ಟಿಯಾಗಿದ್ದರೂ ಪಾಸ್‌ವರ್ಡ್ ಸಡಿಲವಾಗಿದ್ದರೆ ಸೋಲುತ್ತದೆ, ಅದು ಹೇಗೆಂಬುದನ್ನು ತಿಳಿದುಕೊಳ್ಳಬೇಕು. ಫೋನ್ ಸಂಪರ್ಕಗೊಳ್ಳುವಾಗ ರೌಟರಿಗೂ ಅದಕ್ಕೂ ನಡುವೆ ನಾಲ್ಕು ಸಂದೇಶಗಳ ವಿನಿಮಯ ನಡೆಯುತ್ತದೆ, ಇದನ್ನು ಹ್ಯಾಂಡ್‌ಶೇಕ್ ಎನ್ನುತ್ತಾರೆ. ಅದರಲ್ಲಿ ಪಾಸ್‌ವರ್ಡ್ ಹೋಗುವುದಿಲ್ಲ, ಆದರೆ ಒಂದು ಊಹೆ ಸರಿಯೋ ತಪ್ಪೋ ಎಂದು ತಾಳೆ ನೋಡಲು ಬೇಕಾದಷ್ಟು ಸುಳಿವು ಇರುತ್ತದೆ. ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡ ಯಾರೋ ಆ ನಾಲ್ಕು ಸಂದೇಶಗಳನ್ನು ಹಿಡಿದುಕೊಂಡು ಹೋದರೆ, ಮನೆಯಲ್ಲಿ ಕೂತು ಕಂಪ್ಯೂಟರಿನಿಂದ ಬೇಕಾದಷ್ಟು ಊಹೆಗಳನ್ನು ಪರೀಕ್ಷಿಸಬಹುದು, ನಮ್ಮ ರೌಟರಿಗೆ ಅದರ ಸುದ್ದಿಯೇ ಇರುವುದಿಲ್ಲ. ನಮ್ಮ ಕಡೆ ಬಹಳ ಮನೆಗಳ ವೈಫೈ ಪಾಸ್‌ವರ್ಡ್ ಮೊಬೈಲ್ ನಂಬರು. ಹತ್ತು ಅಂಕಿಯ ಭಾರತೀಯ ಮೊಬೈಲ್ ನಂಬರು 6, 7, 8 ಅಥವಾ 9ರಿಂದ ಶುರುವಾಗುತ್ತದೆ. ಒಟ್ಟು ಸಾಧ್ಯತೆಗಳು 400 ಕೋಟಿ. ಕೇಳಲು ದೊಡ್ಡ ಸಂಖ್ಯೆ. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಲಕ್ಷ ಊಹೆಗಳನ್ನು ಪರೀಕ್ಷಿಸಬಲ್ಲದು, ಆ ಲೆಕ್ಕದಲ್ಲಿ ಎಲ್ಲ ನಂಬರುಗಳನ್ನೂ ನೋಡಿ ಮುಗಿಸಲು 4,000 ಸೆಕೆಂಡು, ಅಂದರೆ ಒಂದು ಗಂಟೆಗಿಂತ ತುಸು ಹೆಚ್ಚು ಸಾಕು.

ಇದರ ಬದಲು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಆರಿಸಿ ಉದ್ದವಾದ ಪಾಸ್‌ವರ್ಡ್ ಮಾಡಿಕೊಳ್ಳಬಹುದು. 8ರಿಂದ 63 ಅಕ್ಷರಗಳವರೆಗೆ ಅವಕಾಶವಿದೆ. ವೈಫೈಯ ಹೆಸರು ಕನ್ನಡ ಲಿಪಿಯಲ್ಲಿರಬಹುದಾದರೂ ಪಾಸ್‌ವರ್ಡಿಗೆ ಇಂಗ್ಲಿಷ್ ಕೀಲಿಮಣೆಯ ಅಕ್ಷರ, ಅಂಕಿ, ಚಿಹ್ನೆಗಳೇ ಬೇಕು. ಆದರೆ ಪದಗಳು ಕನ್ನಡದವಾಗಲು ಅಡ್ಡಿಯಿಲ್ಲ. ಅಡುಗೆಮನೆಯ ಒಂದು ಪಾತ್ರೆ, ತೋಟದ ಒಂದು ಹಕ್ಕಿ, ಒಂದು ತಿಂಡಿ, ಒಂದು ಬಣ್ಣ, ನಡುವೆ ಎರಡು ಅಂಕಿ ಸೇರಿಸಿದರೆ ಅಜ್ಜಿಗೂ ನೆನಪಿರುತ್ತದೆ. ಗಾದೆ, ಭಜನೆಯ ಸಾಲು, ದೇವರ ಹೆಸರು ಬೇಡ. ಅವೆಲ್ಲ ಊಹಿಸುವವರ ಪಟ್ಟಿಗೆ ಸುಲಭವಾಗಿ ಸೇರುತ್ತವೆ. ಡಬ್ಲ್ಯೂಪಿಎ 3ರಲ್ಲಿ ಎಸ್‌ಎಇ ಎಂಬ ಹೊಸ ವಿಧಾನವಿರುವುದರಿಂದ ಪ್ರತಿ ಊಹೆಗೂ ರೌಟರನ್ನೇ ಕೇಳಬೇಕಾಗುತ್ತದೆ, ಹಾಗೆ ಹಿಡಿದುಕೊಂಡು ಹೋಗಿ ಮನೆಯಲ್ಲಿ ಪರೀಕ್ಷಿಸುವ ದಾರಿ ಮುಚ್ಚಿದೆ.

ಡಬ್ಲ್ಯೂಪಿಎಸ್ ಎಂಬುದು ಹೆಸರಿನಲ್ಲಿ ಇವುಗಳ ತಮ್ಮನಂತೆ ಕಂಡರೂ ಕೆಲಸ ಬೇರೆ. ಪಾಸ್‌ವರ್ಡ್ ಹೊಡೆಯುವ ಶ್ರಮ ತಪ್ಪಿಸಲು ಮಾಡಿದ ಸೌಲಭ್ಯ ಅದು. ರೌಟರಿನ ಬೆನ್ನಿಗೆ ಅಚ್ಚಾದ ಎಂಟು ಅಂಕಿಯ ಪಿನ್ ಕೊಟ್ಟರೆ ಸಾಕು. ಎಂಟು ಅಂಕಿ ಎಂದರೆ ಹತ್ತು ಕೋಟಿ ಸಾಧ್ಯತೆಗಳಿರಬೇಕಿತ್ತು. ಆದರೆ ಕೊನೆಯ ಅಂಕಿ ಬರಿಯ ತಾಳೆಯಂಕಿ, ಅಂದರೆ ಉಳಿದ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು, ಮತ್ತು ರೌಟರ್ ಮೊದಲ ನಾಲ್ಕನ್ನು ಬೇರೆ, ಉಳಿದದ್ದನ್ನು ಬೇರೆ ಪರೀಕ್ಷಿಸಿ ಎಲ್ಲಿ ತಪ್ಪಿತೆಂದು ತಿಳಿಯುವಂತೆ ಉತ್ತರಿಸುತ್ತದೆ. ಹೀಗಾಗಿ ಮೊದಲರ್ಧಕ್ಕೆ 10,000, ಎರಡನೆಯದಕ್ಕೆ 1,000, ಒಟ್ಟು 11,000 ಪ್ರಯತ್ನಗಳಲ್ಲಿ ಪಿನ್ ಸಿಕ್ಕಿಬಿಡುತ್ತದೆ ಎಂಬುದು 2011ರ ಡಿಸೆಂಬರ್‌ನಲ್ಲಿ ಬಹಿರಂಗವಾಯಿತು. ಆಮೇಲಿನ ಕೆಲವು ರೌಟರುಗಳು ತಪ್ಪು ಪ್ರಯತ್ನಗಳಾದ ಮೇಲೆ ತಡೆಯುತ್ತವೆ. ಆದರೂ ಪಿನ್ ವಿಧಾನವನ್ನು ಆಫ್ ಮಾಡಿಡಬೇಕೆಂದೇ ನಾನು ಎಲ್ಲರಿಗೂ ಹೇಳುತ್ತೇನೆ.

ಬಹಳ ಮನೆಗಳಲ್ಲಿ ಗೊತ್ತೇ ಇಲ್ಲದ ಸಂಗತಿಯೆಂದರೆ ರೌಟರಿಗೆ ಎರಡು ಪಾಸ್‌ವರ್ಡುಗಳಿವೆ ಎಂಬುದು. ಒಂದು ವೈಫೈಗೆ ಸೇರಿಕೊಳ್ಳಲು, ಇನ್ನೊಂದು ರೌಟರಿನ ಒಳಗಿನ ಸೆಟ್ಟಿಂಗುಗಳನ್ನು ಬದಲಿಸಲು. ಬ್ರೌಸರಿನಲ್ಲಿ 192.168.1.1 ಅಥವಾ ರೌಟರಿನ ಬೆನ್ನಿಗೆ ಬರೆದಿರುವ ವಿಳಾಸ ಹೊಡೆದರೆ ತೆರೆಯುವ ಪುಟಕ್ಕೆ ಬೇಕಾದದ್ದು ಈ ಎರಡನೆಯದು, ಇದನ್ನು ಅಡ್ಮಿನ್ ಪಾಸ್‌ವರ್ಡ್ ಎನ್ನುತ್ತಾರೆ. ಕಾರ್ಖಾನೆಯಿಂದ ಬಂದಾಗ ಇದ್ದ ‘ಅಡ್ಮಿನ್’ ಎಂಬ ಹೆಸರು, ‘ಅಡ್ಮಿನ್’ ಎಂಬ ಪಾಸ್‌ವರ್ಡ್ ವರ್ಷಗಟ್ಟಲೆ ಹಾಗೆಯೇ ಇರುವ ಮನೆಗಳಿವೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಗಟ್ಟಲೆ ರೌಟರು, ಕ್ಯಾಮೆರಾಗಳನ್ನು ವಶಮಾಡಿಕೊಂಡದ್ದು ಯಾವ ಮಹಾ ಚಾತುರ್ಯದಿಂದಲೂ ಅಲ್ಲ, ಇಂಥ ಕಾರ್ಖಾನೆಯ ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಚಿಕ್ಕ ಪಟ್ಟಿಯನ್ನು ಒಂದೊಂದಾಗಿ ಪ್ರಯತ್ನಿಸಿ. ಅಡ್ಮಿನ್ ಪುಟ ಬೇರೆಯವರ ಕೈಗೆ ಹೋದರೆ ಅವರು ಡಿಎನ್‌ಎಸ್ ಬದಲಿಸಬಹುದು. ಡಿಎನ್‌ಎಸ್ ಎಂದರೆ ಜಾಲತಾಣದ ಹೆಸರಿಗೆ ಅದರ ಅಂಕಿಯ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆ. ಅದು ಸುಳ್ಳು ಹೇಳತೊಡಗಿದರೆ ಬ್ಯಾಂಕಿನ ಹೆಸರು ಹೊಡೆದಾಗ ಬ್ಯಾಂಕಿನಂತೆಯೇ ಕಾಣುವ ಬೇರೆ ಪುಟಕ್ಕೆ ಹೋಗಿ ಮುಟ್ಟಬಹುದು. ಅಡ್ಮಿನ್ ಪುಟದ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ರೌಟರಿನ ಸೆಟ್ಟಿಂಗ್ ಬದಲಿಸಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಎಂಬುದು ಆನ್ ಆಗಿದ್ದರೆ ಆಫ್ ಮಾಡಿ, ಫರ್ಮ್‌ವೇರ್ ಅಂದರೆ ರೌಟರಿನೊಳಗಿನ ತಂತ್ರಾಂಶವನ್ನು ಹೊಸದಾಗಿಸಿಕೊಳ್ಳಬೇಕು. 2017ರಲ್ಲಿ ಡಬ್ಲ್ಯೂಪಿಎ 2ರಲ್ಲೇ ಕ್ರ್ಯಾಕ್ ಎಂಬ ದೋಷ ಪತ್ತೆಯಾದಾಗ ಅದನ್ನು ಸರಿಪಡಿಸಿದ್ದು ಇಂಥ ಹೊಸ ತಂತ್ರಾಂಶಗಳೇ.

ಅದೇ ಪುಟದಲ್ಲಿ ಸಂಪರ್ಕಗೊಂಡ ಸಾಧನಗಳ ಪಟ್ಟಿಯೂ ಇರುತ್ತದೆ. ಪ್ರತಿ ಸಾಧನಕ್ಕೂ ರೌಟರ್ ಐಪಿ ವಿಳಾಸ ಎಂಬ ಅಂಕಿಯ ವಿಳಾಸವೊಂದನ್ನು ಹಂಚುತ್ತದೆ, ಹಂಚುವ ಏರ್ಪಾಡಿನ ಹೆಸರು ಡಿಎಚ್‌ಸಿಪಿ. ಈ ವಿಳಾಸಗಳು ಮನೆಯೊಳಗೆ ಮಾತ್ರ ಸಲ್ಲುತ್ತವೆ. ಹೊರಜಗತ್ತಿಗೆ ಇಡೀ ಮನೆಗೆ ಒಂದೇ ವಿಳಾಸ. ಕೂಡುಕುಟುಂಬದ ಮನೆಗೆ ಯಜಮಾನರ ವಿಳಾಸಕ್ಕೆ ಬಂದ ಅಂಚೆಯನ್ನು ಒಳಗೆ ಯಾರ್ಯಾರದ್ದೆಂದು ನೋಡಿ ಹಂಚುವಂತೆ ರೌಟರ್ ಮಾಡುವ ಈ ಕೆಲಸಕ್ಕೆ ನ್ಯಾಟ್ ಎಂದು ಹೆಸರು. ಪಟ್ಟಿಯಲ್ಲಿ ಐಪಿಯ ಪಕ್ಕ ಹನ್ನೆರಡು ಅಕ್ಷರ-ಅಂಕಿಗಳ ಮ್ಯಾಕ್ ವಿಳಾಸ, ಅಂದರೆ ಸಾಧನದ ಗುರುತು, ಕಾಣುತ್ತದೆ. ಗುರುತಿಲ್ಲದ ಸಾಧನ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ: ಆಂಡ್ರಾಯ್ಡ್ 10 ಮತ್ತು ಐಫೋನಿನ ಐಓಎಸ್ 14ರ ನಂತರದ ಫೋನುಗಳು ಗೋಪ್ಯತೆಗಾಗಿ ತೋರಿಕೆಯ ಮ್ಯಾಕ್ ವಿಳಾಸ ಬಳಸುತ್ತವೆ, ಆದ್ದರಿಂದ ಮನೆಯವರದೇ ಫೋನ್ ಅಪರಿಚಿತವಾಗಿ ಕಾಣಬಹುದು. ಮ್ಯಾಕ್ ಫಿಲ್ಟರ್ ಹಾಕಿ, ಅಂದರೆ ಪಟ್ಟಿಯಲ್ಲಿರುವ ಮ್ಯಾಕ್ ವಿಳಾಸಗಳಿಗೆ ಮಾತ್ರ ಅವಕಾಶ ಕೊಟ್ಟು, ಬೇರೆಯವರನ್ನು ತಡೆಯುವ ಉಪಾಯವೂ ಇದೇ ಕಾರಣಕ್ಕೆ ದುರ್ಬಲ. ಆ ವಿಳಾಸವನ್ನು ಯಾರು ಬೇಕಾದರೂ ಬದಲಿಸಿಕೊಳ್ಳಬಹುದು.

ಡಬ್ಲ್ಯೂಪಿಎ ಕಾಪಾಡುವುದು ಫೋನಿನಿಂದ ರೌಟರ್‌ವರೆಗೆ ಮಾತ್ರ. ಮುಂದಿನ ದಾರಿಯಲ್ಲಿ ಕಾಪಾಡುವುದು ಎಚ್‌ಟಿಟಿಪಿಎಸ್, ಜಾಲತಾಣದ ವಿಳಾಸದ ಆರಂಭದಲ್ಲಿ ಕಾಣುವ ಆ ಅಕ್ಷರಗಳು. ಅದು ಬ್ರೌಸರಿನಿಂದ ಜಾಲತಾಣದವರೆಗೆ ಮಾಹಿತಿಯನ್ನು ಗೂಢಗೊಳಿಸುವ ವಿಧಾನ. ಗೋಕರ್ಣದ ಕೆಫೆಯಲ್ಲಿ ಪಾಸ್‌ವರ್ಡ್ ಇಲ್ಲದ ವೈಫೈಗೆ ಸೇರಿದಾಗ ಮೊದಲನೆಯ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ, ಎರಡನೆಯದು ಇರುತ್ತದೆ. ಬ್ರೌಸರ್ ‘ಈ ತಾಣದ ಪ್ರಮಾಣಪತ್ರ ಸರಿಯಿಲ್ಲ’ ಎಂದು ಎಚ್ಚರಿಸಿದರೆ ಅಂಥ ಜಾಗದಲ್ಲಿ ಮುಂದುವರಿಯಲೇಬಾರದು. ಕೆಫೆಯ ಹೆಸರನ್ನೇ ಇಟ್ಟುಕೊಂಡು ಇನ್ನಾರೋ ವೈಫೈ ಹರಡುವುದು ಕಷ್ಟದ ಕೆಲಸವಲ್ಲ. ಬ್ಯಾಂಕಿನ ವ್ಯವಹಾರವಿದ್ದರೆ ಮೊಬೈಲ್ ಡೇಟಾ ಬಳಸುವುದೇ ಮೇಲು.

ಗೋಕರ್ಣ, ಮುರ್ಡೇಶ್ವರ, ದಾಂಡೇಲಿ, ಸಿರಸಿಯ ಸುತ್ತಮುತ್ತ ಹೋಮ್‌ಸ್ಟೇ ನಡೆಸುವವರಿಗೆ ಗೆಸ್ಟ್ ನೆಟ್‌ವರ್ಕ್ ಎಂಬ ಪದ ಎಲ್ಲಕ್ಕಿಂತ ಮುಖ್ಯ. ಒಂದೇ ರೌಟರ್ ಬೇರೆ ಹೆಸರಿನ, ಬೇರೆ ಪಾಸ್‌ವರ್ಡಿನ ಎರಡನೆಯ ವೈಫೈ ಹರಡುತ್ತದೆ. ಅದಕ್ಕೆ ಸೇರಿದವರಿಗೆ ಇಂಟರ್ನೆಟ್ ಸಿಗುತ್ತದೆ, ಆದರೆ ಮನೆಯ ಲ್ಯಾಪ್‌ಟಾಪ್, ಪ್ರಿಂಟರ್, ತೋಟದ ಕ್ಯಾಮೆರಾ ಕಾಣುವುದಿಲ್ಲ. 2008ರ ಜುಲೈ ತಿಂಗಳ ಅಹಮದಾಬಾದ್ ಸರಣಿ ಸ್ಫೋಟಗಳ ಹೊತ್ತಿಗೆ ಬಂದ ಬೆದರಿಕೆಯ ಇಮೇಲ್ ನವಿ ಮುಂಬೈಯ ಒಂದು ಮನೆಯ ಭದ್ರವಿಲ್ಲದ ವೈಫೈ ಮೂಲಕ ಹೋಗಿತ್ತು, ತನಿಖೆ ಮೊದಲು ಬಂದು ನಿಂತದ್ದು ಆ ಮನೆಯವರ ಬಾಗಿಲಿಗೆ. ಹೊರಜಗತ್ತಿಗೆ ಇಡೀ ಮನೆಗೆ ಒಂದೇ ವಿಳಾಸ ಎಂದೆನಲ್ಲ, ಅದರ ಪರಿಣಾಮ ಇದು. ಗೆಸ್ಟ್ ನೆಟ್‌ವರ್ಕಿನಿಂದ ಈ ವಿಳಾಸ ಬೇರೆಯಾಗುವುದಿಲ್ಲ. ಆದ್ದರಿಂದ ಅತಿಥಿಗಳ ಪಾಸ್‌ವರ್ಡನ್ನು ಆಗಾಗ ಬದಲಿಸುತ್ತಿರಬೇಕು, ಬಂದವರ ಹೆಸರು ನೋಂದಣಿ ಪುಸ್ತಕದಲ್ಲಿ ಸರಿಯಾಗಿರಬೇಕು. ಸಿಸಿ ಕ್ಯಾಮೆರಾ, ಸ್ಮಾರ್ಟ್ ಟಿವಿಗಳಂಥ ಸಾಧನಗಳ ತಂತ್ರಾಂಶಕ್ಕೆ ಹೊಸ ಆವೃತ್ತಿ ಬರುವುದು ಅಪರೂಪವಾದ್ದರಿಂದ ಅವನ್ನೂ ಮನೆಯ ಮುಖ್ಯ ನೆಟ್‌ವರ್ಕಿನಿಂದ ಹೊರಗಿಡುವುದು ವಾಸಿ. ಹಳೆಯ ರೌಟರನ್ನು ಗುಜರಿಗೆ ಹಾಕುವ ಅಥವಾ ಕಂಪನಿಗೆ ಹಿಂದಿರುಗಿಸುವ ಮೊದಲು ಬೆನ್ನಿನ ಸಣ್ಣ ರಂಧ್ರದೊಳಗಿನ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದರೆ, ಅದರಲ್ಲಿ ಉಳಿದಿದ್ದ ವೈಫೈ ಹೆಸರು, ಪಾಸ್‌ವರ್ಡುಗಳು ಅಳಿಸಿಹೋಗುತ್ತವೆ.